ಮುಂದಿನ ಶಾಕ್‌ಗೆ ಎಷ್ಟು ಗಾಳಿ?

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಗಾಡಿ ಹತ್ತಿದರೆ ಸಾಕು, ನನ್ನ ಕಣ್ಣು ಸೀದಾ ಮುಂದಿನ ಗಾಲಿಗೆ ಹೋಗುತ್ತದೆ. ಕೂತಾಗ ಗಾಡಿಯ ಮುಂಭಾಗ ಎಷ್ಟು ಕುಸಿಯಿತು, ಇಳಿದಾಗ ಎಷ್ಟು ಮೇಲೆದ್ದಿತು ಎಂದು ನೋಡಿ ಮನಸ್ಸಿನಲ್ಲೇ ಒಂದು ತೂಕ ಹಾಕಿಬಿಡುತ್ತೇನೆ. ಹಾಕಿ ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಹೋದ ವರ್ಷ ನನ್ನ ಹೆಂಡತಿಯ ಅಕ್ಕ ನಮ್ಮ ಮನೆಯಲ್ಲಿ ಹೋಳಿಗೆ ಊಟ ಮಾಡಿ, ಸ್ಕೂಟರ್ ಹತ್ತಿ ಇನ್ನೇನು ಹೊರಡಬೇಕು, "ಅಕ್ಕಾರ, ದೀಪಾವಳಿಗೆ ಬಂದಾಗಿನಕಿಂತ ನಾಕು ಕೇಜಿ ಜಾಸ್ತಿ ಆಗೀರಿ ನೋಡ್ರಿ" ಅಂದುಬಿಟ್ಟೆ. ಪ್ರೀತಿಯಿಂದಲೇ ಅಂದದ್ದು. ಆವತ್ತಿನಿಂದ ಅವರು ನಮ್ಮ ಮನೆಗೆ ಆಟೋದಲ್ಲಿ ಬರುತ್ತಾರೆ, ಬೀದಿಯ ತುದಿಯಲ್ಲೇ ಇಳಿದು ನಡೆದು ಬರುತ್ತಾರೆ.

"ನಿಮ್ಮ ಆಚಾರ್ರು ನಿಮಗ ಕಲಿಸಿದ್ದು ಇದೊಂದೇ ಏನು?" ಎಂದು ಹೆಂಡತಿ ಕೇಳಿದಳು. ಪಾಪ, ಆಚಾರ್ರು ಕಲಿಸಿದ್ದಲ್ಲ ಅದು. ಆಚಾರ್ರನ್ನು ಕೂರಿಸಿ ನಾನೇ ಕಲಿತದ್ದು. ಅದನ್ನು ಹೇಳಬೇಕೆಂದರೆ ಒಂದು ನಾಲ್ಕು ಗಾಲಿಯ ಬೈಕಿನ ಮುಂದಿನ ಶಾಕ್ ಅಬ್ಸಾರ್ಬರ್‌ಗಳ ವಿಷಯ ಹೇಳಬೇಕಾಗುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಯಂತ್ರದ ಮಾತು ಕಡಿಮೆಯೇ ಇದೆ.

ಹಾಗೆ ನೋಡಿದರೆ ಈ ತೂಕದ ಹುಚ್ಚು ನನಗೆ ಹುಟ್ಟಿನಿಂದಲೇ ಅಂಟಿದ್ದಿರಬೇಕು. ನಮ್ಮದು ಕಂಪ್ಲಿ. ಅಪ್ಪ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಗಾಡಿ ಹೇರಿದ ಮೇಲೆ ಎತ್ತು ಹೂಡುವುದಕ್ಕೆ ಮುಂಚೆ ಅಪ್ಪ ನೊಗವನ್ನು ಎರಡೂ ಕೈಯಿಂದ ಎತ್ತಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದ. ಮುಂದೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಅಪ್ಪ ಕಣ್ಣು ತೆರೆದು, "ಲೇ, ಒಂದು ಮೊಳ ಮುಂದಕ ಸರಿ" ಅನ್ನುತ್ತಿದ್ದ. ಕಬ್ಬಿನ ಹೇರಿನ ಮೇಲೆ ಕೂತ ನಾನು ಸರಿಯುತ್ತಿದ್ದೆ. ಡಿಪ್ಲೊಮಾ ಮಾಡಿ ಸರ್ವೇಯರ್ ಆದೆ ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಆದರೆ ನನ್ನ ಮೊದಲ ನೌಕರಿ ಕಬ್ಬಿನ ಗಾಡಿಯ ಮೇಲೆ ತೂಕದ ಕಲ್ಲಿನದು. ಸಂಬಳಕ್ಕೆ ಒಂದು ಜಲ್ಲೆ ಸಿಗುತ್ತಿತ್ತು.

ಇರಲಿ. ಆಚಾರ್ರು ಅಂದರೆ ವೆಂಕೋಬಾಚಾರ್ರು, ಸಂಡೂರಿನ ಕಡೆಯ ಒಂದು ಅದಿರಿನ ಗಣಿಯಲ್ಲಿ ಹಿರಿಯ ಸರ್ವೇಯರ್. ನಾನು ಅವರ ಕೈಕೆಳಗಿನವನು. ಗಣಿ ಜೋರಾಗಿದ್ದ ವರ್ಷಗಳು ಅವು. ಬೆಳಿಗ್ಗೆ ಹೊಸಪೇಟೆಯಲ್ಲಿ ಕಂಪನಿ ಜೀಪು ಹತ್ತಿದರೆ ಪಾಪಿನಾಯಕನಹಳ್ಳಿ ದಾಟುವಷ್ಟರಲ್ಲಿ ಬಿಳಿ ಅಂಗಿ ಕೆಂಪಾಗಿರುತ್ತಿತ್ತು. ಕಣ್ಣು ಹಾಯುವಷ್ಟು ದೂರ ಲಾರಿ ಸಾಲು. ಬೇವಿನ ಮರ, ಎಮ್ಮೆ, ಇಡ್ಲಿ ಅಂಗಡಿಯ ತಟ್ಟೆ ಎಲ್ಲದಕ್ಕೂ ಒಂದೇ ಬಣ್ಣ. ಯಶವಂತನಗರದ ಹತ್ತಿರ ಜೀಪಿನಿಂದ ಇಳಿದ ಆರು ಮಂದಿಯಲ್ಲಿ ಯಾರು ಯಾರೆಂಬುದನ್ನು ದನಿಯಿಂದಲೇ ತಿಳಿಯಬೇಕಿತ್ತು. ಎಲ್ಲರೂ ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಿದ್ದೆವು, ಎಲ್ಲರೂ ಕೆಮ್ಮುತ್ತಿದ್ದೆವು. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಪರವಾಗಿ ನಾನು ಹೇಳಿಕೊಳ್ಳಬಹುದಾದದ್ದು ಅದೊಂದೇ.

ಆಚಾರ್ರದು ಹೊಸಪೇಟೆಯ ಹಳೆಯ ವೈಷ್ಣವರ ಮನೆತನ. ಹಣೆಗೆ ಗೋಪೀಚಂದನ, ಎದೆಯ ಜೇಬಿನಲ್ಲಿ ಎರಡು ಪೆನ್ಸಿಲ್. ಎತ್ತರ ಅಳೆಯುವ ಲೆವೆಲ್ ಎಂಬ ಯಂತ್ರ ನೀವು ನೋಡಿರಬಹುದು, ಮೂರು ಕಾಲಿನ ಮೇಲೆ ಕೂರುವ ಸಣ್ಣ ದುರ್ಬೀನು. ಅದನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ, ಜೀಪಿನಲ್ಲಿ ಕೆಳಗೆ ಇಡುತ್ತಿರಲಿಲ್ಲ. ಹೊಸಪೇಟೆಯಿಂದ ಬೆಟ್ಟದವರೆಗೆ ಅದರ ಡಬ್ಬಿ ಅವರ ತೊಡೆಯ ಮೇಲೆಯೇ. ಗುಂಡಿ ಬಂದಾಗಲೆಲ್ಲ ಮಗುವಿನ ತಲೆ ಹಿಡಿದಂತೆ ಅದರ ಮೇಲೆ ಕೈ ಇಡುತ್ತಿದ್ದರು. ಹಳೆಯ ಸರ್ವೇಯರ್‌ಗಳೆಲ್ಲ ಹಾಗೆಯೇ. ಕುಲುಕಿದರೆ ಒಳಗಿನ ಗೆರೆ ಒಂದು ಕೂದಲಿನಷ್ಟು ಸರಿಯುತ್ತದೆ, ಆಮೇಲೆ ಬೆಟ್ಟವೇ ಸುಳ್ಳು ಹೇಳುತ್ತದೆ ಎನ್ನುವುದು ಅವರ ನಂಬಿಕೆ.

ಅವರಿಗೆ ನಿವೃತ್ತಿಗೆ ಇನ್ನೊಂದು ವರ್ಷ ಚಿಲ್ಲರೆ ಉಳಿದಿತ್ತು. ಬೆಟ್ಟದ ಮೇಲೆ ನಮ್ಮ ಗಣಿಯ ಗಡಿ ಕಲ್ಲುಗಳಿದ್ದವು. ಆ ಕಾಲದಲ್ಲಿ ಸುತ್ತಮುತ್ತಲ ಬೆಟ್ಟಗಳಲ್ಲಿ ಗಡಿ ಕಲ್ಲುಗಳಿಗೂ ಕಾಲು ಬಂದಿದ್ದವು. ಇವತ್ತು ಇಲ್ಲಿದ್ದದ್ದು ನಾಳೆ ಅಲ್ಲಿ. ಆಚಾರ್ರು ಮಾತ್ರ ಪ್ರತಿ ತಿಂಗಳು ಒಂದೊಂದು ಕಲ್ಲಿನ ಹತ್ತಿರವೂ ಹೋಗಿ ಅಳತೆ ತೆಗೆಯುತ್ತಿದ್ದರು. "ನಾ ಇರೋತನಕ ಒಂದು ಕಲ್ಲೂ ನಡಿಯಂಗಿಲ್ಲೋ. ನಿಂತಲ್ಲೇ ನಿಲ್ಲಿಸಿ ನಿನ್ನ ಕೈಯಾಗ ಕೊಟ್ಟು ಹೋಗ್ತೀನಿ" ಅನ್ನುತ್ತಿದ್ದರು. ಅವರ ನೌಕರಿಯ ಆಸೆಯೆಲ್ಲ ಅಷ್ಟೇ. ಆದರೆ ಆ ವರ್ಷ ಅವರಿಗೆ ಏರು ಹತ್ತುವುದು ಆಗುತ್ತಿರಲಿಲ್ಲ. ಹತ್ತು ಹೆಜ್ಜೆಗೆ ನಿಂತು, ದೂರದ ಲಾರಿಗಳನ್ನು ಎಣಿಸುವವರಂತೆ ನಟಿಸುತ್ತಿದ್ದರು. ಮ್ಯಾನೇಜರ್ ಒಂದು ದಿನ ನೋಡಿ, "ಆಚಾರ್ರೇ, ಇನ್ನ ಕೆಳಗ ಆಫೀಸಿನಾಗ ಕುಂದ್ರಿ. ಬೆಟ್ಟ ಹುಲುಗಪ್ಪ ನೋಡ್ಕೊಂತಾನ" ಅಂದ. ಹುಲುಗಪ್ಪ ಅಂದರೆ ನಾನೇ. ಆಚಾರ್ರು ಆವತ್ತು ಊಟದ ಡಬ್ಬಿ ಬಿಚ್ಚಲಿಲ್ಲ.

ಆಗ ನಮಗೆ ನೆನಪಾದದ್ದು ಟಾರ್ಪಾಲಿನ ಕೆಳಗೆ ಮಲಗಿದ್ದ ಆ ಹಳದಿ ಗಾಡಿ. ಗಣಿ ಧಣಿಯ ಮಗ ಎಲ್ಲಿಂದಲೋ ತರಿಸಿದ್ದ ರೇಸಿನ ನಾಲ್ಕು ಗಾಲಿ ಬೈಕು. ಎರಡು ದಿನ ಬೆಟ್ಟದಲ್ಲಿ ಹಾರಿಸಿ, ಮೂರನೆಯ ದಿನ ಮೊಣಕೈ ಕೆತ್ತಿಸಿಕೊಂಡು, ಶೆಡ್ಡಿನಲ್ಲಿ ಬಿಟ್ಟು ಹೋಗಿದ್ದ. ಬೇಕಾದವರು ಬಳಸಿಕೊಳ್ಳಲಿ ಎಂದು ಅಪ್ಪಣೆಯೂ ಆಗಿತ್ತು. ಜೀವಮಾನದಲ್ಲಿ ಸ್ಕೂಟರ್ ಕೂಡ ಹೊಡೆಯದ ಆಚಾರ್ರು ಅದನ್ನು ನಾಲ್ಕೇ ದಿನದಲ್ಲಿ ಕಲಿತರು. ನಾಲ್ಕು ಗಾಲಿ ಇರುವುದರಿಂದ ಬೀಳುವುದಿಲ್ಲ, ಬೀಳದ ಮೇಲೆ ಭಯವೇನು ಎಂದು ಅವರ ವಾದ. ಒಂದೇ ಸೀಟಿನ ಗಾಡಿ, ಡಬ್ಬಿ ಇಡಲು ಜಾಗವಿಲ್ಲ. ಆಚಾರ್ರ ಹೆಂಡತಿ ಸುಧಾಬಾಯಿಯವರು ಒಂದು ಹಳೆಯ ನೂಲಿನ ಸೀರೆ ಕೊಟ್ಟರು. ಅದರಲ್ಲಿ ಲೆವೆಲ್ಲಿನ ಡಬ್ಬಿಯನ್ನು ಎದೆಗೆ ಕಟ್ಟಿಕೊಂಡು ಆಚಾರ್ರು ಬೆಟ್ಟ ಹತ್ತುವುದನ್ನು ನೋಡಿ ಲಾರಿ ಡ್ರೈವರ್‌ಗಳು ಹಾರ್ನ್ ಹೊಡೆದು ನಮಸ್ಕಾರ ಮಾಡುತ್ತಿದ್ದರು.

ಆದರೆ ಆ ಗಾಡಿಯ ಮುಂದಿನ ಶಾಕ್‌ಗಳು ಕಲ್ಲಿನಂತೆ ಗಟ್ಟಿ. ಹಾರುವ ಹುಡುಗರಿಗೆಂದು ಮಾಡಿದ್ದು, ಏಕಾದಶಿ ಮಾಡುವ ಆಚಾರ್ರಿಗೆಂದಲ್ಲ. ಒಂದೊಂದು ಕಲ್ಲಿಗೂ ಹ್ಯಾಂಡಲ್ಲು ಕೈಗೆ ಗುದ್ದುತ್ತಿತ್ತು.

"ನನಗೇನೂ ಇಲ್ಲೋ, ಲೆವೆಲ್ಲಿಗೆ ಪೆಟ್ಟು ಬೀಳ್ತದ" ಎಂದು ಎದೆ ಹಿಡಿದುಕೊಂಡು ಹೇಳುತ್ತಿದ್ದರು. ಹೀಗೆ, ಲೆವೆಲ್ಲಿನ ಹೆಸರಿನಲ್ಲಿ ಹೊಸ ಶಾಕ್ ಹುಡುಕುವ ಕೆಲಸ ಶುರುವಾಯಿತು.

ಮೊದಲು ಹೊಸಪೇಟೆಯ ಖಾಜಾನನ್ನು ಕೇಳಿದೆವು. ಲಾರಿ ಮೆಕ್ಯಾನಿಕ್, ನಮ್ಮ ಗಣಿಯ ಗಾಡಿಗಳೆಲ್ಲ ಅವನ ಕೈಯಲ್ಲೇ. ಅವನು ಗಾಡಿಯ ಸುತ್ತ ಎರಡು ಸುತ್ತು ಬಂದು, "ಸರ, ಈ ಫಾರಿನ್ ಮಾಲು ನಂಬಬ್ಯಾಡ್ರಿ. ಲಾರಿ ಕಮಾನ್ ಪಟ್ಟಿ ಎರಡು ಕಟ್ ಮಾಡಿ ಮಸ್ತ್ ಕುಂದ್ರಸ್ತೀನಿ. ನಿಮ್ಮ ಮೊಮ್ಮಕ್ಳ ಕಾಲಕ್ಕೂ ಅಳ್ಳಾಡಂಗಿಲ್ಲ" ಅಂದ.

"ಅಳ್ಳಾಡಂಗಿಲ್ಲ ಅನ್ನೋದೇ ಈಗಿನ ತೊಂದರಿ ಅಲ್ಲೇನೋ ಖಾಜಾ" ಅಂದರು ಆಚಾರ್ರು.

ಧಣಿಯ ಮಗನ ಕೋಣೆಯಲ್ಲಿ ಒಂದು ದಪ್ಪ ಕ್ಯಾಟಲಾಗ್ ಬಿದ್ದಿತ್ತು. ಆ ಗಾಡಿಗೆ ಕೂರುವ ಬೇರೆ ಬೇರೆ ಕಂಪನಿಗಳ ಶಾಕ್‌ಗಳ ಚಿತ್ರ ಅದರಲ್ಲಿ. ಮಧ್ಯಾಹ್ನದ ಊಟವಾದ ಮೇಲೆ ಆಚಾರ್ರು ಅದನ್ನು ಪುರಾಣದಂತೆ ಮುಂದೆ ಇಟ್ಟುಕೊಂಡು ಕೂರುತ್ತಿದ್ದರು, ನಾನು ಓದಿ ಅರ್ಥ ಹೇಳುತ್ತಿದ್ದೆ. ಒಂದು ಜೋಡಿ ನೋಡಲು ಚೆಂದವಿತ್ತು, ಆದರೆ ಎರಡು ಬೆರಳು ಉದ್ದ. ಹಾಕಿದರೆ ಗಾಡಿ ಮೂಗು ಮೇಲೆತ್ತಿಕೊಂಡು ನಿಲ್ಲುತ್ತದೆ, ಏರಿನಲ್ಲಿ ಹಿಂದಕ್ಕೆ ಮಗುಚುತ್ತದೆ ಎಂದು ಖಾಜಾ ಹೆದರಿಸಿದ. ಇನ್ನೊಂದು ಕೆಂಪು ಸ್ಪ್ರಿಂಗಿನದು. ಅದರ ಸ್ಪ್ರಿಂಗ್ ಒಂದೇ ತೂಕದವರಿಗೆ. ಬೇರೆಯವರು ಕೂತರೆ ಸ್ಪ್ರಿಂಗನ್ನೇ ಬದಲಿಸಬೇಕು. ಮೂರನೆಯದಕ್ಕೆ ಸ್ಪ್ರಿಂಗೇ ಇಲ್ಲ, ಒಳಗೆ ಬರೀ ಗಾಳಿ. ಕೂರುವವರ ತೂಕ ನೋಡಿ ಸಣ್ಣ ಕೈಪಂಪಿನಿಂದ ಗಾಳಿ ಹೆಚ್ಚು ಕಡಿಮೆ ಮಾಡಿಕೊಂಡರಾಯಿತು. ತೂಕವೂ ಹಗುರ. ಒಂದೇ ಭಯ ಎಂದರೆ ದೂಳು. ನಮ್ಮ ಅದಿರಿನ ದೂಳು ಒಳಗಿನ ರಬ್ಬರನ್ನು ಅರೆದುಹಾಕಿದರೆ ಗಾಳಿ ನಿಲ್ಲುವುದಿಲ್ಲ.

"ಅದಕ್ಕೇನು, ಇಕೀಗೆ ಹೇಳಿ ಎರಡು ಚೀಲ ಹೊಲಿಸೋಣ" ಅಂದರು ಆಚಾರ್ರು. ಇಕೀ ಎಂದರೆ ಸುಧಾಬಾಯಿ. ಅವರು ದಪ್ಪ ಬಟ್ಟೆಯಲ್ಲಿ, ಕೆಳಗೆ ಲಾಡಿ ಇಟ್ಟು, ಹಾರ್ಮೋನಿಯಂ ಗವಸಿನಂಥ ಎರಡು ಚೀಲ ಹೊಲಿದೂ ಕೊಟ್ಟರು. ಶಾಕ್ ಬರುವ ಮೊದಲೇ ಅದರ ಅಂಗಿ ಸಿದ್ಧವಾಗಿತ್ತು.

ಕ್ಯಾಟಲಾಗಿನ ಕೊನೆಯಲ್ಲಿ ಒಂದು ಫಾರಂ. ತುಂಬಿ ಕಳಿಸಿದರೆ ಧಣಿಯ ಮಗನ ಗೆಳೆಯ ದುಬೈಯಿಂದ ಬರುವಾಗ ತರುತ್ತಾನೆಂದು ಮಾತಾಗಿತ್ತು. ಅದರಲ್ಲಿ ಎಲ್ಲಿ ಓಡಿಸುತ್ತೀರಿ ಎಂದು ಕೇಳಿದ್ದರು. ಮರಳುಗಾಡು, ಕಾಡು, ರೇಸಿನ ಮೈದಾನ. ಯಾವುದಕ್ಕೆ ಗುರುತು ಹಾಕಲಿ ಎಂದೆ. ಆಚಾರ್ರು ಯೋಚಿಸಿ, "ಮೂರೂ ಕಾಟು ಹಾಕು. ಸರ್ವೇ ಅಂತ ಬರಿ" ಅಂದರು. ಅನುಭವ ಎಷ್ಟು ಎಂಬಲ್ಲಿ ಮೂವತ್ತು ವರ್ಷ ಸರ್ವಿಸ್ ಎಂದು ಬರೆಸಿದರು. ಓಡಿಸುವ ರೀತಿ ಎಂಬ ಕಾಲಂ ಬಂದಾಗ ಮಾತ್ರ ತಡಮಾಡಲಿಲ್ಲ. "ಸಾವಕಾಶ."

ಆಮೇಲೆ ತೂಕ. ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಗಣಿಯಲ್ಲಿ ಲಾರಿ ತೂಗಲು ನೆಲದಷ್ಟು ದೊಡ್ಡ ಕಾಟಾ ಇತ್ತು, ಅದಿರಿನ ಪುಡಿ ತೂಗಲು ಬಂಗಾರದಂಗಡಿಯಂಥ ಪುಟ್ಟ ತಕ್ಕಡಿ ಇತ್ತು. ಮನುಷ್ಯನನ್ನು ತೂಗಲು ಏನೂ ಇರಲಿಲ್ಲ. ಯಾರಿಗೂ ಅದು ಕೊರತೆ ಅನ್ನಿಸಿರಲಿಲ್ಲ. ಆಚಾರ್ರು ಜೇಬಿನಿಂದ ಪರ್ಸು ತೆಗೆದು, ಅದರೊಳಗಿಂದ ಒಂದು ಹಳೆಯ ರಟ್ಟಿನ ಚೀಟಿ ತೆಗೆದರು. ಹೊಸಪೇಟೆ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ ಉಗುಳುತ್ತಿದ್ದ ಚೀಟಿ. ಒಂದು ಮಗ್ಗುಲಲ್ಲಿ ಭವಿಷ್ಯ, ಅದು ಹಿಂದಿಯಲ್ಲಿದ್ದದ್ದರಿಂದ ನಮ್ಮಿಬ್ಬರಿಗೂ ಪೂರ್ತಿ ತಿಳಿಯಲಿಲ್ಲ. ಇನ್ನೊಂದು ಮಗ್ಗುಲಲ್ಲಿ ತೂಕ, ಎಪ್ಪತ್ತೆರಡು ಕೇಜಿ.

"ರೆಕಾರ್ಡ್ ಅದ ಅಂದ್ಮ್ಯಾಲ ಬಾಯಿಮಾತು ಯಾಕ? ಬರಕೋ."

ಬರೆದುಕೊಂಡೆ. ಫಾರಂನಲ್ಲೂ ಬರೆದೆ, ಅಳತೆ ಬರೆದಿಡುವ ನಮ್ಮ ಫೀಲ್ಡ್ ಬುಕ್ಕಿನಲ್ಲೂ ಬರೆದೆ. ಆಚಾರ್ರ ಕೈಕೆಳಗೆ ಯಾವ ಅಂಕಿಯೂ ಫೀಲ್ಡ್ ಬುಕ್ಕಿಗೆ ಹೋಗದೆ ಇರುವಂತಿರಲಿಲ್ಲ. ಯಾವ ರೀಡಿಂಗ್ ಕೊಟ್ಟರೂ ಯಾವತ್ತು ತೆಗೆದದ್ದು ಎಂದು ಮೊದಲು ಕೇಳಬೇಕೆಂದು ಅವರೇ ನನಗೆ ಕಿವಿ ಹಿಂಡಿ ಕಲಿಸಿದ್ದರು. ಆವತ್ತು ನಾನು ಕೇಳಲಿಲ್ಲ.

ಎರಡು ತಿಂಗಳಿಗೆ ಶಾಕ್‌ಗಳು ಬಂದವು. ಕಪ್ಪಗೆ, ನುಣ್ಣಗೆ, ನೋಡಲು ದೊಡ್ಡ ಇಂಜೆಕ್ಷನ್ ಸೂಜಿಯಂತೆ. ಖಾಜಾ ಬೆಟ್ಟಕ್ಕೇ ಬಂದು ಕೂರಿಸಿದ. ಗಾಳಿ ಹಾಕುವುದರಲ್ಲಿ ನಾನು ನನ್ನ ಬುದ್ಧಿ ತೋರಿಸಿದೆ. ಕೈಪಂಪಿನ ಮೀಟರು ಸರಿ ಇದೆಯೋ ಇಲ್ಲವೋ, ಇನ್ನೊಂದು ಮೀಟರಿನಲ್ಲಿ ನೋಡೋಣ ಎಂದು ರಸ್ತೆ ಬದಿಯ ಪಂಕ್ಚರ್ ಅಂಗಡಿಗೆ ಗಾಡಿ ತಳ್ಳಿಕೊಂಡು ಹೋದೆ. ಅಲ್ಲಿಯವನು ಲಾರಿ ಗಾಲಿಗೆ ಹಿಡಿಯುವ ಮೀಟರನ್ನು ಒತ್ತಿದ್ದೇ ತಡ, ಪುಸ್ ಎಂದು ಅರ್ಧ ಗಾಳಿ ಹೋಯಿತು. ಶಾಕಿನ ಹೊಟ್ಟೆಯಲ್ಲಿರುವುದೇ ಒಂದು ಚೊಂಬಿನಷ್ಟು ಗಾಳಿ, ಅಳೆಯುವುದಕ್ಕೇ ಅರ್ಧ ಖರ್ಚು. "ಇಷ್ಟ ಗಾಳಿಗೆ ಇಷ್ಟು ದೊಡ್ಡ ಮಂದಿ ಬರಬೇಕಾ?" ಎಂದು ಅವನು ನಕ್ಕ. ವಾಪಸು ಬಂದು ಕೈಪಂಪಿನಲ್ಲೇ, ಶಾಕ್ ಜೊತೆ ಬಂದ ಪುಸ್ತಕದಲ್ಲಿ ಎಪ್ಪತ್ತೆರಡು ಕೇಜಿಗೆ ಎಷ್ಟು ಎಂದು ಬರೆದಿತ್ತೋ ಅಷ್ಟೇ ತುಂಬಿದೆವು.

ಆಮೇಲೆ ಆಚಾರ್ರು ಓಡಿಸಿ ನೋಡಿದರು. ಇಳಿದು ಬಂದು ಮುಖ ಸಪ್ಪಗೆ ಮಾಡಿದರು. "ಸ್ವಲ್ಪ ಮೆತ್ತಗ ಆಗೇದ ಖರೆ. ಆದರ ಇನ್ನೂ ಗುದ್ದತದ."

ಪುಸ್ತಕದ ಪ್ರಕಾರ, ಗಾಳಿ ಸರಿಯಾಗಿದ್ದರೆ ಮನುಷ್ಯ ಕೂತಾಗ ಮುಂಭಾಗ ಇಂತಿಷ್ಟು ಕುಸಿಯಬೇಕು. ಬೇರೆಯವರಾದರೆ ಟೇಪು ಹಿಡಿದು ನೋಡುತ್ತಿದ್ದರು. ನಾವು ಸರ್ವೇಯರ್‌ಗಳು. ಗಾಡಿಯ ಮುಂದಿನ ಕಬ್ಬಿಣಕ್ಕೆ ಒಂದು ಸ್ಟೀಲ್ ಸ್ಕೇಲನ್ನು ನೆಟ್ಟಗೆ ಅಂಟಿಸಿ, ಹತ್ತು ಮಾರು ದೂರದಲ್ಲಿ ಟ್ರೈಪಾಡ್ ನಿಲ್ಲಿಸಿ, ಲೆವೆಲ್ ಏರಿಸಿ, ಗುಳ್ಳೆ ನಡುವಿಗೆ ತಂದು, ಒಂದು ಬೆಟ್ಟವನ್ನು ಅಳೆಯುವ ಗಾಂಭೀರ್ಯದಿಂದ ಕೆಲಸ ಶುರುಮಾಡಿದೆವು. ಖಾಜಾ ಬೀಡಿ ಹಚ್ಚಿಕೊಂಡು ಕಲ್ಲಿನ ಮೇಲೆ ಕೂತ.

ಖಾಲಿ ಗಾಡಿಯ ರೀಡಿಂಗ್ ಬರೆದುಕೊಂಡೆ. ಆಚಾರ್ರು ಕೂತರು. ಗೆರೆ ಇಪ್ಪತ್ತೇಳು ಮಿಲಿಮೀಟರ್ ಸರಿಯಿತು. ಪುಸ್ತಕ ಕೇಳಿದ್ದು ಮೂವತ್ತಾರು.

"ಮಾಲು ಖರಾಬ್ ಅದ" ಅಂದರು ಆಚಾರ್ರು. "ವಾಪಸ್ ಕಳಿಸು."

"ಒಂದು ಸಲ ನಾ ಕುಂತು ನೋಡ್ತೀನಿ ಸರ" ಎಂದೆ. ಊರಿನ ಭತ್ತದ ಮಂಡಿಯಲ್ಲಿ ಹದಿನೈದು ದಿನದ ಹಿಂದಷ್ಟೇ ತಕ್ಕಡಿ ಹತ್ತಿದ್ದೆ, ಎಪ್ಪತ್ತೊಂದು ಇದ್ದೆ. ನಾನು ಕೂತೆ, ಅವರು ಲೆನ್ಸಿನಲ್ಲಿ ನೋಡಿದರು. ಮೂವತ್ತಾರು. ಸರಿಯಾಗಿ.

"ನೀ ಮುಂದಕ ಬಗ್ಗಿ ಕುಂತಿ."

ನೆಟ್ಟಗೆ ಕೂತೆ. ಮೂವತ್ತಾರು.

"ಗಾಡಿ ಹುಲುಗಪ್ಪಗ ಒಲಿದೈತಿ, ಬಿಡ್ರಿ" ಎಂದು ಖಾಜಾ ನಕ್ಕ.

ಆಚಾರ್ರಿಗೆ ಸಿಟ್ಟು ಬಂತು. ಅವರಿಗೆ ತಾಳೆಯಾಗದ ಲೆಕ್ಕ ಕಂಡರೆ ಹೊಟ್ಟೆನೋವು ಬಂದಷ್ಟು ಸಂಕಟ. "ಮನುಷ್ಯಾರು ಬ್ಯಾಡ. ಮನುಷ್ಯಾರು ಹಿಂದ ಮುಂದ ಕುಂದ್ರತಾರ. ಗೊತ್ತಿರೋ ತೂಕ ಇಟ್ಟು ಚೆಕ್ ಮಾಡು" ಅಂದರು. ಗಡಿ ಕಲ್ಲುಗಳ ಬುಡಕ್ಕೆ ಹಾಕಲು ತರಿಸಿದ್ದ ಸಿಮೆಂಟ್ ಚೀಲ ಶೆಡ್ಡಿನಲ್ಲಿತ್ತು. ಐವತ್ತು ಕೇಜಿ, ಚೀಲದ ಮೇಲೆಯೇ ಅಚ್ಚಾಗಿದೆ. ಖಾಜಾನೂ ನಾನೂ ಎತ್ತಿ ತಂದು ಸೀಟಿನ ಮೇಲೆ, ಆಚಾರ್ರು ಕೂತ ಜಾಗದಲ್ಲೇ ಕೂರಿಸಿದೆವು. ನಾನು ಓಡಿ ಬಂದು ಲೆನ್ಸಿಗೆ ಕಣ್ಣಿಟ್ಟೆ.

ಇಪ್ಪತ್ತಾರು.

ನನ್ನ ಕಣ್ಣು ಲೆನ್ಸಿನಲ್ಲೇ ಇತ್ತು. ಸಿಮೆಂಟಿನ ಚೀಲಕ್ಕೆ ಇಪ್ಪತ್ತಾರು, ಆಚಾರ್ರಿಗೆ ಇಪ್ಪತ್ತೇಳು. ಲೆಕ್ಕ ಮಾಡಲು ಕಾಗದ ಬೇಕಿರಲಿಲ್ಲ.

"ಎಷ್ಟೋ?" ಅಂದರು.

ಹೇಳಿದೆ. ಅವರು ಬಂದು ತಾವೇ ನೋಡಿದರು. "ತಿರಗಿ ತಗಿ" ಅಂದರು. ಚೀಲ ಇಳಿಸಿ ಏರಿಸಿ ಮತ್ತೆ ತೆಗೆದೆವು. ಇನ್ನೊಂದು ಸಲ ತಾವೇ ಕೂತರು. ಇನ್ನೊಂದು ಸಲ ಚೀಲ. ಮೂರು ಸಲವೂ ಅದೇ. ಖಾಜಾ ಬೀಡಿ ಆರಿಸಿ ಎದ್ದು ನಿಂತಿದ್ದ. ಅವನಿಗೂ ಗೊತ್ತಾಗಿತ್ತು.

ಶಾಕ್‌ಗಳು ಸರಿಯಾಗಿಯೇ ಇದ್ದವು. ಇಪ್ಪತ್ತು ಕೇಜಿ ಆಚಾರ್ರು ಕಾಣೆಯಾಗಿದ್ದರು. ದಿನವೂ ಅದೇ ಜೀಪಿನಲ್ಲಿ, ಅದೇ ಸೀಟಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುತ್ತಿದ್ದ ನಾನು ಅದನ್ನು ಹತ್ತು ಮಾರು ದೂರ ನಿಂತು ದುರ್ಬೀನಿನಲ್ಲಿ ಕಂಡುಹಿಡಿದಿದ್ದೆ.

ಆಚಾರ್ರು ಫೀಲ್ಡ್ ಬುಕ್ ಕೇಳಿದರು. ಫೀಲ್ಡ್ ಬುಕ್ಕಿನಲ್ಲಿ ಏನನ್ನೂ ರಬ್ಬರಿನಿಂದ ಅಳಿಸಬಾರದು. ತಪ್ಪಾದದ್ದಕ್ಕೆ ಒಂದು ಗೆರೆ ಎಳೆದು, ಓದಲು ಬರುವಂತೆಯೇ ಬಿಟ್ಟು, ಮೇಲೆ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಅವರು ಹಳೆಯ ಪುಟ ಹುಡುಕಿ, ಎಪ್ಪತ್ತೆರಡರ ಮೇಲೆ ಒಂದು ಗೆರೆ ಎಳೆದರು. ಮೇಲೆ ಐವತ್ತೆರಡು ಎಂದು ಬರೆದು, ಸಣ್ಣಕ್ಷರದಲ್ಲಿ ಸಹಿ ಹಾಕಿದರು. ಪೆನ್ಸಿಲ್ಲನ್ನು ಜೇಬಿಗೆ ಇಟ್ಟರು.

"ನಿಮಗ ಗೊತ್ತಿತ್ತು" ಎಂದೆ.

"ಚೀಟಿ ಮಗಳ ಲಗ್ನದ ಕಾಲದ್ದೋ. ಆರು ವರ್ಷ ಆತು" ಅಂದರು. ಬುಕ್ಕು ಮಡಚಿ ನನ್ನ ಕೈಗೆ ಕೊಡುತ್ತ, "ಸಂಜಿಗೆ ಜ್ವರ ಬರ್ತಾವ. ಅಂಗಿ ಹಿಂಡೋ ಹಂಗ ಬೆವರು. ಗೊತ್ತಾದ್ರ ಕೆಳಗ ಕುಂದ್ರಸ್ತಾರ. ಇನ್ನೊಂದು ವರ್ಷ ಅಷ್ಟ ಅಲ್ಲೇನು ಅಂತ... ಮನಿಯಾಗ ಹೇಳಬ್ಯಾಡೋ ಹುಲುಗಪ್ಪ."

ನಾನು ಅವರ ಮೇಲೆ ಕೂಗಾಡಿದೆ. ಒಂಬತ್ತು ವರ್ಷ ಅವರ ಕೈಕೆಳಗಿದ್ದು ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಕಲ್ಲು ಹಾಳಾಗಿ ಹೋಗಲಿ, ಬೆಟ್ಟ ಹಾಳಾಗಿ ಹೋಗಲಿ ಎಂದೆಲ್ಲ ಅಂದೆ. ನಿಜ ಹೇಳಬೇಕೆಂದರೆ ಅವರ ಮೇಲಿನ ಸಿಟ್ಟಲ್ಲ ಅದು, ನನ್ನ ಮೇಲಿನದು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ ಖಾಜಾ ಬಂದು ಅವರ ಭುಜ ಹಿಡಿದು, "ನಡೀರಿ ಆಚಾರ್ರೇ, ಜೀಪು ರೆಡಿ ಐತಿ, ಜಲ್ದಿ ಹೋಗಿ ಬರೂಣು" ಅಂದ. ಆಚಾರ್ರು ಲೆವೆಲ್ಲಿನ ಡಬ್ಬಿಗೆ ಕೈ ಚಾಚಿದರು. ನಾನು ಕೊಡಲಿಲ್ಲ, ಜೀಪಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಹೊಸಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ, ಕಫದ ಪರೀಕ್ಷೆ. ಕ್ಷಯ ಎಂದರು. ತಡವಾಗಿದೆ, ಆದರೂ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರೆ ಉಳಿಯುತ್ತಾರೆ ಎಂದರು. ಉಳಿಯುತ್ತಾರೆ ಎಂಬ ಮಾತು ಕೇಳಿದಾಗಲೇ ಉಳಿಯದೆಯೂ ಹೋಗಬಹುದಿತ್ತು ಎಂದು ನನಗೆ ಹೊಳೆದದ್ದು.

ಮನೆಯಲ್ಲಿ ಸುಧಾಬಾಯಿಯವರು ಬಾಗಿಲಲ್ಲೇ ನಿಂತಿದ್ದರು. ನಾನು ಹೇಗೋ ತಡವರಿಸಿ ಹೇಳಿ ಮುಗಿಸಿದೆ. ಅವರು ಅಳಲಿಲ್ಲ. ಒಳಗೆ ಹೋಗಿ ಆಚಾರ್ರ ಎರಡು ಪ್ಯಾಂಟು ತಂದು ನನ್ನ ಮುಂದೆ ಹಿಡಿದರು.

"ನೋಡಪ್ಪಾ, ಈ ಗುಂಡಿ ಮೂರು ಸಲ ಒಳಗ ಸರಿಸಿ ಹಚ್ಚೀನಿ. ಯಾಕ್ರೀ ಹಿಂಗ ಅಂದ್ರ, ನೀ ಒಗದು ಒಗದು ಅರಿವಿ ಸಡಲ ಆಗ್ಯಾವ ಅಂದ್ರು. ದವಾಖಾನಿಗೆ ನಡೀರಿ ಅಂತ ಯುಗಾದಿಯಿಂದ ಹೇಳಲಿಕ್ಕೆ ಹತ್ತೀನಿ. ನಾ ಹೇಳಿದ್ರ ಅದು ಮಾತು. ನೀ ಹೇಳಿದ್ರ ರೀಡಿಂಗು."

ಒಳಗಿನಿಂದ ಆಚಾರ್ರು ಕೆಮ್ಮಿದರು. ಅದು ಬೇರೆ ಕೆಮ್ಮು, ಇಷ್ಟು ದಿನ ಎಲ್ಲರ ಕೆಮ್ಮಿನ ನಡುವೆ ಅಡಗಿಕೊಂಡಿದ್ದದ್ದು. ಸುಧಾಬಾಯಿಯವರು ಪ್ಯಾಂಟು ಮಡಚುತ್ತ, "ಕೂಡು, ಅವಲಕ್ಕಿ ಹಚ್ಚತೀನಿ" ಅಂದರು. ನನಗೆ ಅಲ್ಲಿ ಕೂತು ತಿನ್ನುವ ಮುಖವಿರಲಿಲ್ಲ. ಆದರೂ ತಿಂದೆ, ಅವರು ಎದುರು ಕೂತಿದ್ದರು.

ಆಮೇಲಿನ ತಿಂಗಳುಗಳಲ್ಲಿ ಆ ಗಾಡಿ ಹತ್ತಿ ಬೆಟ್ಟ ಸುತ್ತಿದವನು ನಾನು. ಶಾಕ್‌ಗಳಲ್ಲಿ ಇದ್ದ ಗಾಳಿ ನನಗೆ ಅಳತೆ ತೆಗೆದು ಹೊಲಿಸಿದಂತಿತ್ತು, ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತಿತ್ತು. ಅದು ಎಷ್ಟು ಸುಖವಾಗಿತ್ತೋ ಅಷ್ಟೇ ನನಗೆ ಚುಚ್ಚುತ್ತಿತ್ತು. ಭಾನುವಾರ ಬೆಳಿಗ್ಗೆ ಫೀಲ್ಡ್ ಬುಕ್ ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಜಗಲಿಯಲ್ಲಿ ಶಾಲು ಹೊದ್ದು ಕೂತ ಆಚಾರ್ರು ಒಂದೊಂದೇ ಕಲ್ಲಿನ ಯೋಗಕ್ಷೇಮ ಕೇಳುತ್ತಿದ್ದರು. ಎಲ್ಲ ಇದ್ದಲ್ಲೇ ಇವೆ ಎಂದರೆ, "ಗುಡ್" ಎನ್ನುತ್ತಿದ್ದರು. ಒಮ್ಮೆ ಮಾತ್ರ, "ಬಗ್ಗಿ ನೋಡಿದ್ಯೋ, ದೂರದಿಂದ ನೋಡಿದ್ಯೋ?" ಎಂದು ಕೇಳಿದರು. ನಾನು ಆವತ್ತೇ ಮಧ್ಯಾಹ್ನ ಮತ್ತೆ ಬೆಟ್ಟಕ್ಕೆ ಹೋಗಿ ಬಗ್ಗಿ ನೋಡಿ ಬಂದೆ.

ಎಂಟನೆಯ ತಿಂಗಳಲ್ಲಿ ಡಾಕ್ಟರು ಒಪ್ಪಿಗೆ ಕೊಟ್ಟರು. ನಿವೃತ್ತಿಗೆ ಇನ್ನು ಕೆಲವೇ ವಾರ ಇತ್ತು, ಕಲ್ಲುಗಳನ್ನು ನನ್ನ ಕೈಗೆ ಒಪ್ಪಿಸಿಯೇ ಇಳಿಯುವುದೆಂದು ಆಚಾರ್ರು ಹಟ ಹಿಡಿದಿದ್ದರು. ಮ್ಯಾನೇಜರೂ ಹೂಂ ಅಂದಿದ್ದ. ಬಿಸಿಲೇರುವ ಮುಂಚೆ ಬೆಟ್ಟಕ್ಕೆ ಬಂದೆವು. ಗಾಳಿ ಎಷ್ಟು ಬೇಕೆಂದು ಗೊತ್ತಾಗಬೇಕಲ್ಲ, ಗಾಡಿಗೆ ಸ್ಕೇಲ್ ಅಂಟಿಸಿ ಲೆವೆಲ್ ನಿಲ್ಲಿಸಿದೆ. ಆಚಾರ್ರು ಟವೆಲ್ ಸುತ್ತಿಕೊಂಡ ಮುಖದಲ್ಲೇ, ನಿಧಾನವಾಗಿ, ಒಂದು ಕಾಲು ದಾಟಿಸಿ ಸೀಟಿನ ಮೇಲೆ ಕೂತರು. ಗಾಡಿಯ ಮೂಗು ತಗ್ಗಿತು. ನಾನು ಲೆನ್ಸಿಗೆ ಕಣ್ಣಿಟ್ಟೆ.

ಸ್ಕೇಲು ಕಾಣಲಿಲ್ಲ. ಸ್ಕ್ರೂ ತಿರುಗಿಸಿದೆ, ಗಾಜು ಒರೆಸಿದೆ, ಮತ್ತೆ ಕಣ್ಣಿಟ್ಟೆ. ಎಲ್ಲ ಕಲಸಿಕೊಂಡು ನೀರು ನೀರಾಗಿತ್ತು. ಗಾಜಿನಲ್ಲಿ ಏನೂ ದೋಷವಿರಲಿಲ್ಲ.

"ಎಷ್ಟು ಬಂತೋ?" ಎಂದರು ಆಚಾರ್ರು.

ನಾನು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡೆ. ಅವರು ಇನ್ನೊಮ್ಮೆ ಕೇಳಲಿಲ್ಲ. "ಹುಲುಗಪ್ಪಾ, ಅದನ್ನ ಬಿಡು. ಇತ್ತಾಗ ಬಾ. ಬಂದು ಎದುರಿಗೆ ನಿಂತು ನನ್ನ ಮಾರಿ ನೋಡು" ಅಂದರು.

ಹೋಗಿ ನಿಂತೆ. ಅವರು ಮುಖದ ಟವೆಲ್ ಬಿಚ್ಚಿದರು. ನಾನು ನೋಡಿದೆ, ಎಷ್ಟೋ ಹೊತ್ತು ನೋಡಿದೆ. ಅವರೂ ಬೇಗ ಮುಗಿಸು ಅನ್ನಲಿಲ್ಲ.